ಮೀನು ಹತ್ತುವ ತಿಂಗಳಿಗೆ ಹನಿಮೂನ್

ಜೂನ್ 1ರಿಂದ ಜುಲೈ 31ರ ತನಕ ಕಾರವಾರದಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ ಅಂತ ಪಶ್ಚಿಮ ಕರಾವಳಿಗೆಲ್ಲ 61 ದಿನ ನಿಷೇಧ. ಬೈತಖೋಲ್ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ತಾಗಿಕೊಂಡು ನಿಂತಿರುತ್ತವೆ. ಬೋಟಿನಲ್ಲಿ ದುಡಿಯುವ ಕಲಾಸಿಗಳು ಅವರವರ ಊರಿಗೆ ಹೋಗಿರುತ್ತಾರೆ. ಅಪ್ಪನ ಬೋಟಿನ ಡೀಸೆಲ್, ಐಸು, ಪಾಲು, ಎಲ್ಲದರ ಲೆಕ್ಕ ಬರೆಯುವವಳು ನಾನು. ವರ್ಷದಲ್ಲಿ ನನಗೆ ಉದ್ದ ರಜೆ ಸಿಗುವುದು ಆಗ ಮಾತ್ರ. ಮೇ ತಿಂಗಳಲ್ಲಿ ಮದುವೆ ಎಂದು ನಿಶ್ಚಯವಾದಾಗ ಹನಿಮೂನ್ ಮಳೆಗಾಲದಲ್ಲೇ ಎಂಬುದೂ ಜೊತೆಗೇ ನಿಶ್ಚಯವಾಯಿತು.

ಅಮೆರಿಕದ ಅಲಾಸ್ಕಾದ ನದಿಗಳಿಗೆ ಸಾಲ್ಮನ್ ಮೀನು ಬರುವುದೂ ಹೆಚ್ಚುಕಡಿಮೆ ಅದೇ ತಿಂಗಳುಗಳಲ್ಲಿ. ಇದು ನನಗೆ ಮೊದಲಿಂದಲೂ ಗೊತ್ತಿತ್ತು. ಕಾಳಿ ನದಿ ಸಮುದ್ರ ಸೇರುವಲ್ಲಿ, ಕೋಡಿಬಾಗದ ದಂಡೆಯಲ್ಲಿ, ಅಪ್ಪನ ಪಕ್ಕ ನಿಂತು ಗಾಳ ಹಾಕುತ್ತಾ ಬೆಳೆದವಳು ನಾನು. ರಾವಸ ಸಿಕ್ಕಿದರೆ ಆ ದಿನ ಮನೆಯಲ್ಲಿ ಹಬ್ಬ. ದೊಡ್ಡ ಪೇಟೆಗಳಲ್ಲಿ ಈ ರಾವಸವನ್ನೇ ಇಂಡಿಯನ್ ಸಾಲ್ಮನ್ ಎಂದು ಮಾರುತ್ತಾರೆ. ನಿಜವಾಗಿ ಎರಡೂ ಬೇರೆ ಬೇರೆ ಕುಲದ ಮೀನು. ರಾವಸ ಕಡಲು ಮತ್ತು ಅಳಿವೆಯದು. ಸಾಲ್ಮನ್ ಹುಟ್ಟುವುದು ಸಿಹಿನೀರಿನ ಹೊಳೆಯಲ್ಲಿ, ಬೆಳೆಯುವುದು ಸಮುದ್ರದಲ್ಲಿ. ಮೊಟ್ಟೆ ಇಡಲು ಮತ್ತೆ ತಾನು ಹುಟ್ಟಿದ ಹೊಳೆಗೇ ಬರುತ್ತದೆ. ಆ ನೀರಿನ ವಾಸನೆ ಅದಕ್ಕೆ ನೆನಪಿರುತ್ತದೆ. ಮೊಟ್ಟೆ ಇಟ್ಟ ಮೇಲೆ ಪೆಸಿಫಿಕ್ ಸಾಲ್ಮನ್ ಸಾಯುತ್ತದೆ. ಅಂಥ ಮೀನು ನದಿಗೆ ಬರುವುದನ್ನು ಕಣ್ಣಾರೆ ನೋಡಬೇಕು, ಒಮ್ಮೆಯಾದರೂ ನನ್ನ ಗಾಳಕ್ಕೆ ಬೀಳಬೇಕು ಅಂತ ಕಾಲೇಜಿನ ದಿನಗಳಿಂದ ಆಸೆಯಿತ್ತು.

ಇವರದು ಶಿರಸಿ ಕಡೆಯ ಅಡಿಕೆ ತೋಟದ ಮನೆ. ಮೀನು ತಿನ್ನುವುದಿಲ್ಲ, ಹಿಡಿಯುವುದಂತೂ ದೂರ. ಹನಿಮೂನಿಗೆ ಅಲಾಸ್ಕಾಗೆ ಹೋಗೋಣವೇ ಎಂದು ಹೇಗೆ ಕೇಳುವುದು ಅಂತ ಸ್ವಲ್ಪ ಹಿಂಜರಿಕೆ ಇತ್ತು. ಸಾಲ್ಮನ್ ಕಥೆಯನ್ನೆಲ್ಲ ಹೇಳಿ ಮುಗಿಸಿದಾಗ ಇವರು, "ಅಂದರೆ ನಮ್ಮ ಹತ್ತುಮೀನಿನ ಹಾಗೆ ಅಲ್ವಾ?" ಎಂದರು. ಘಟ್ಟದ ಮೇಲೆ ಮೊದಲ ಜೋರು ಮಳೆ ಬಿದ್ದಾಗ ಹೊಳೆಯ ಮೀನುಗಳು ಹರಿವಿಗೆ ಎದುರಾಗಿ ಹಳ್ಳ, ಗದ್ದೆಗಳಿಗೆ ಹತ್ತುತ್ತವೆ. ಚಿಕ್ಕವರಿದ್ದಾಗ ರಾತ್ರಿ ಬ್ಯಾಟರಿ ಹಿಡಿದುಕೊಂಡು ಅದನ್ನು ನೋಡಲು ಹೋಗುತ್ತಿದ್ದರಂತೆ. "ನೀನು ಹಿಡಿ, ನಾನು ಹತ್ತುವುದನ್ನು ನೋಡುತ್ತೇನೆ" ಎಂದರು. ಅರ್ಧ ದಿನ ಮೀನಿಗೆ, ಅರ್ಧ ದಿನ ನಮ್ಮಿಬ್ಬರ ತಿರುಗಾಟಕ್ಕೆ ಎಂದು ಆವತ್ತೇ ಒಪ್ಪಂದವಾಯಿತು. ಹನಿಮೂನ್‌ನಲ್ಲಿ ಇಂಥ ಹವ್ಯಾಸ ಸೇರಿಸುವವರು ಈ ಮಾತನ್ನು ಟಿಕೆಟ್ ತೆಗೆಯುವ ಮೊದಲೇ ಆಡಿಕೊಳ್ಳಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ಅಲ್ಲಿ ಹೋದ ಮೇಲೆ ನದಿ ಬಿಟ್ಟು ಏಳಲು ಮನಸ್ಸೇ ಬರುವುದಿಲ್ಲ.

ಮೊದಲು ಯಾವ ಸಾಲ್ಮನ್ ಎಂದು ತೀರ್ಮಾನಿಸಬೇಕಿತ್ತು. ಅಲಾಸ್ಕಾದಲ್ಲಿ ಐದು ಜಾತಿ. ಕಿಂಗ್ ಅಂದರೆ ಚಿನೂಕ್ ಎಲ್ಲಕ್ಕಿಂತ ದೊಡ್ಡದು. ಸಾಕೈಗೆ ಕೆಂಪು ಸಾಲ್ಮನ್ ಎನ್ನುತ್ತಾರೆ, ರುಚಿಗೆ ಹೆಸರಾದದ್ದು. ಕೋಹೊ ಆಗಸ್ಟ್‌ನಿಂದ ಜಾಸ್ತಿ ಬರುತ್ತದೆ. ಪಿಂಕ್ ಚಿಕ್ಕದು, ನಾವು ಹೋಗಬೇಕೆಂದಿದ್ದ ಕೀನಾಯ್ ಎಂಬ ನದಿಗೆ ಸರಿ ಸಂಖ್ಯೆಯ ವರ್ಷಗಳಲ್ಲಿ ಮಾತ್ರ ದಂಡಿಯಾಗಿ ಬರುತ್ತದೆ. ಐದನೆಯದು ಚಮ್.

ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. "ದೊಡ್ಡದು ಎಷ್ಟು ದೊಡ್ಡದು ಬರ್ತದೆ?" 1985ರಲ್ಲಿ ಕೀನಾಯ್ ನದಿಯಲ್ಲಿ ಲೆಸ್ ಆಂಡರ್ಸನ್ ಎಂಬವರ ಗಾಳಕ್ಕೆ 97 ಪೌಂಡ್ 4 ಔನ್ಸ್ ತೂಕದ ಕಿಂಗ್ ಬಿದ್ದಿತ್ತು, ಅಂದರೆ ಸುಮಾರು 44 ಕಿಲೋ. ಗಾಳದಲ್ಲಿ ಹಿಡಿದ ಕಿಂಗ್‌ಗಳಲ್ಲಿ ಅದು ವಿಶ್ವದಾಖಲೆ. ಅಪ್ಪನ ಕಣ್ಣು ಅರಳಿತು. ಆದರೆ ಇತ್ತೀಚಿನ ವರ್ಷಗಳಲ್ಲಿ ಅದೇ ನದಿಗೆ ಕಿಂಗ್ ಬರುವುದು ತೀರಾ ಕಡಿಮೆಯಾಗಿದೆ. ಅಲಾಸ್ಕಾದ ಮೀನುಗಾರಿಕೆ ಇಲಾಖೆ ಅಲ್ಲಿ ಕಿಂಗ್ ಹಿಡಿಯುವುದನ್ನೇ ಬಂದ್ ಮಾಡಿದೆ. ಇದನ್ನೂ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಂದ್ ಮಾಡಿದ್ದು ಒಳ್ಳೇದೇ ಆಯ್ತು ಮಗಾ" ಎಂದರು.

ಅಪ್ಪನ ಬಾಯಿಂದ ಈ ಮಾತು ಬಂದದ್ದಕ್ಕೆ ನನಗೆ ಬೆಲೆಯಿದೆ. ಎರಡು ತಿಂಗಳು ದುಡಿಮೆ ಇಲ್ಲದೆ, ಬೋಟಿನ ಸಾಲದ ಕಂತು ಮಾತ್ರ ಕಟ್ಟುತ್ತಾ ಕುಳಿತುಕೊಳ್ಳುವ ಕಷ್ಟ ಅವರಿಗೆ ಗೊತ್ತು. ಆದರೂ ನಿಷೇಧ ಬೇಡ ಎಂದು ಅವರು ಯಾವತ್ತೂ ಹೇಳಿದ್ದಿಲ್ಲ. ಎಲ್‌ಇಡಿ ದೀಪ ಹಾಕಿ ಮೀನು ಬಾಚುವುದಕ್ಕೆ ನಿಷೇಧವಿದ್ದರೂ ನಮ್ಮ ಕರಾವಳಿಯಲ್ಲಿ ಆ ಜಗಳ ಇನ್ನೂ ನಿಂತಿಲ್ಲ. ಅದನ್ನು ಕಂಡು ನೊಂದವರು ಅವರು. ನಾನು ಕಿಂಗ್ ಆಸೆ ಬಿಟ್ಟು ಸಾಕೈ ಹಿಡಿಯುವುದೆಂದು ಬರೆದುಕೊಂಡೆ.

ಸಾಕೈ ಎಂದ ಮೇಲೆ ದಿನಾಂಕ ತಾನಾಗಿಯೇ ಬಂತು. ಕೀನಾಯ್ ನದಿಗೆ ಸಾಕೈ ಎರಡು ಸಲ ಬರುತ್ತದೆ. ಜೂನ್‌ನಲ್ಲಿ ಬರುವ ಗುಂಪು ರಷ್ಯನ್ ರಿವರ್ ಎಂಬ ಉಪನದಿಗೆ ಹೋಗುತ್ತದೆ. ಎರಡನೆಯದು ಬಹಳ ದೊಡ್ಡದು, ಜುಲೈ ಎರಡನೇ ಅರ್ಧದಲ್ಲಿ ಜೋರು. ಮದುವೆಯ ಶಾಸ್ತ್ರ, ನೆಂಟರ ಮನೆಯ ಊಟ ಎಲ್ಲ ಮುಗಿಸಿ ಹೊರಡಲು ಈ ಎರಡನೆಯದೇ ಸರಿ ಹೊಂದಿತು. ಆಗಸ್ಟ್ 1ಕ್ಕೆ ಬೋಟು ಇಳಿಯುವ ಮೊದಲು ನಾನು ಲೆಕ್ಕದ ಪುಸ್ತಕದ ಮುಂದೆ ಇರಲೇಬೇಕಿತ್ತು. ಅಷ್ಟರೊಳಗೆ ಎಲ್ಲ ಕೂರಿಸಿದೆವು.

ವೀಸಾಕ್ಕೆ ನಿಶ್ಚಿತಾರ್ಥವಾದ ಕೂಡಲೇ ಅರ್ಜಿ ಹಾಕಿದ್ದೆವು. ಅಮೆರಿಕದ ಪ್ರವಾಸಿ ವೀಸಾ ಸಂದರ್ಶನದ ದಿನ ಸಿಗಲು ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಮದುವೆ ಆದ ಮೇಲೆ ನೋಡೋಣ ಅಂದರೆ ಆ ವರ್ಷದ ಮೀನು ಹೋಯಿತು. ಡಿಎಸ್-160 ಎಂಬ ಫಾರ್ಮನ್ನು ಇಬ್ಬರೂ ಬೇರೆ ಬೇರೆ ತುಂಬಿದೆವು. ಶುಲ್ಕ ತಲಾ 185 ಡಾಲರ್. ಪಾಸ್‌ಪೋರ್ಟಿನಲ್ಲಿ ನನ್ನ ಹೆಸರು ಬದಲಿಸಲು ಹೋಗಲಿಲ್ಲ. ಮದುವೆಯಾದರೆ ಹೆಸರು ಬದಲಿಸಲೇಬೇಕು ಎಂಬ ನಿಯಮವೇನೂ ಇಲ್ಲ. ಸುಮ್ನೆ ಟಿಕೆಟ್‌ನಲ್ಲಿ ಒಂದು ಹೆಸರು, ವೀಸಾದಲ್ಲಿ ಇನ್ನೊಂದು ಆಗಿ ತೊಡಕಾಗುವುದು ಬೇಡ ಅನಿಸಿತು. ಚೆನ್ನೈನಲ್ಲಿ ಸಂದರ್ಶನ. ಅಲಾಸ್ಕಾಗೆ ಯಾಕೆ ಎಂದು ಕೇಳಿದರು. ಸಾಕೈ ಹಿಡಿಯಲು, ಜುಲೈ ಕೊನೆಯ ಭಾಗದಲ್ಲಿ ಎಂದೆ. ಅಪ್ಪನ ಬೋಟಿನ ವಿಷಯ, ಆಗಸ್ಟ್‌ಗೆ ಮೊದಲೇ ವಾಪಸ್ ಬರಲೇಬೇಕಾದ ಕಾರಣ ಹೇಳಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಕ್ಕೆ ಮಾತು ಬೇಗ ಮುಗಿಯಿತು.

ಇವರು ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡರು. ಆ ಕಡೆ ಬಸ್ಸು ನಂಬಿಕೊಂಡು ಮೀನಿಗೆ ಹೋಗಲು ಆಗುವುದಿಲ್ಲ, ಕಾರು ಬೇಕೇ ಬೇಕು.

ಇನ್ನು ಬೋಟಾ, ದಡವಾ ಎಂಬ ಪ್ರಶ್ನೆ. ಗೈಡ್ ಜೊತೆ ಬೋಟಿನಲ್ಲಿ ಹೋಗುವುದಕ್ಕೆ ತಲೆಗೆ ನೂರಾರು ಡಾಲರ್ ಕೇಳುತ್ತಾರೆ. ಅದರಲ್ಲೂ ಅರ್ಧ ದಿನ ಪೂರ್ತಿ ಮೀನು ಹಿಡಿಯದ ಇವರನ್ನು ಕೂರಿಸಿಕೊಳ್ಳಬೇಕು. ಓದುತ್ತಾ ಹೋದಾಗ ಒಂದು ವಿಷಯ ಗೊತ್ತಾಯಿತು. ಸಾಕೈ ನದಿಯ ನಡುವೆ ಹೋಗುವುದಿಲ್ಲ. ಅಲ್ಲಿ ಸೆಳೆತ ಜಾಸ್ತಿ. ಶಕ್ತಿ ಉಳಿಸಲು ದಂಡೆಯ ಪಕ್ಕದಲ್ಲೇ, ಮೊಣಕಾಲಿಂದ ಸೊಂಟದ ಮಟ್ಟದ ನೀರಿನಲ್ಲಿ ಸಾಗುತ್ತದೆ. ಹಾಗಾಗಿ ದಡದಲ್ಲಿ ನಿಂತವರಿಗೇ ಅದು ಸಿಗುತ್ತದೆ. ಸೋಲ್ಡಾಟ್ನಾ ಎಂಬ ಊರಿನಲ್ಲಿ ನದಿದಂಡೆ ಹಾಳಾಗದಂತೆ ಜಾಲರಿ ಹಲಗೆಯ ದಾರಿ ಹಾಕಿ, ನೀರಿಗೆ ಇಳಿಯಲು ಮೆಟ್ಟಿಲು ಕಟ್ಟಿದ ಪಾರ್ಕುಗಳಿವೆ. ವಿಮಾನ ಇಳಿಯುವ ಆಂಕರೇಜ್ ನಗರದಿಂದ ಕಾರಿನಲ್ಲಿ ಸುಮಾರು 240 ಕಿಲೋಮೀಟರ್. ಅಲ್ಲೇ ಅಡುಗೆಮನೆ ಇರುವ ಒಂದು ಕ್ಯಾಬಿನ್ ಹಿಡಿದೆವು. ನವದಂಪತಿಗೆ ದಡದ ಮೀನುಗಾರಿಕೆಯೇ ಚೆನ್ನ ಎಂದು ನಾನು ಯಾರಿಗೆ ಬೇಕಾದರೂ ಹೇಳುತ್ತೇನೆ. ದುಡ್ಡು ಉಳಿಯುತ್ತದೆ. ಬೇಕಾದಾಗ ಹೋಗಬಹುದು, ಸಾಕಾದಾಗ ಏಳಬಹುದು. ಜೊತೆಗಿರುವವರು ಪಕ್ಕದಲ್ಲೇ ಬೆಂಚಿನ ಮೇಲೆ ಪುಸ್ತಕ ಓದುತ್ತಾ ಕೂರಬಹುದು.

ಲೈಸೆನ್ಸ್ ಅಲ್ಲಿನ ಮೀನುಗಾರಿಕೆ ಇಲಾಖೆಯಿಂದ ಆನ್‌ಲೈನ್‌ನಲ್ಲೇ ಸಿಕ್ಕಿತು. ಹೊರಗಿನವರಿಗೆ 7 ದಿನಕ್ಕೆ 45 ಡಾಲರ್. ಕಿಂಗ್ ಹಿಡಿಯುವುದಾದರೆ ಅದಕ್ಕೆ ಬೇರೆ ಸ್ಟ್ಯಾಂಪ್ ಬೇಕು, ನಮಗೆ ಬೇಡವಾಗಿತ್ತು. ಸಾಕೈ ಸಾಮಾನ್ಯವಾಗಿ ಒಬ್ಬರಿಗೆ ದಿನಕ್ಕೆ ಮೂರು. ಮೀನು ಜಾಸ್ತಿ ಬಂದರೆ ಇಲಾಖೆ ಮಿತಿ ಏರಿಸುತ್ತದೆ, ಕಡಿಮೆ ಬಂದರೆ ಬಂದ್ ಮಾಡುತ್ತದೆ. ಇಂಥ ಆದೇಶ ಯಾವ ದಿನ ಬೇಕಾದರೂ ಬರಬಹುದು. ಬೆಳಿಗ್ಗೆ ಚಹಾ ಕುಡಿಯುವಾಗಲೇ ನೋಡಿಕೊಳ್ಳಬೇಕು.

ಅದಕ್ಕೆ ಲೆಕ್ಕ ಎಲ್ಲಿಂದ ಸಿಗುತ್ತದೆ ಎಂದು ಹುಡುಕಿದಾಗ ನನಗೆ ತುಂಬಾ ಇಷ್ಟವಾದ ಸಂಗತಿ ಸಿಕ್ಕಿತು. ನದಿಯ ಬಾಯಿಂದ 19 ಮೈಲಿ ಮೇಲೆ ಸೋನಾರ್, ಅಂದರೆ ಶಬ್ದದ ಅಲೆಯಿಂದ ಮೀನು ಪತ್ತೆ ಮಾಡುವ ಯಂತ್ರ ಇಟ್ಟಿದ್ದಾರೆ. ಹತ್ತುವ ಸಾಕೈಗಳನ್ನು ಅದು ಎಣಿಸುತ್ತದೆ. ಆ ಸಂಖ್ಯೆಯನ್ನು ದಿನವೂ ಎಲ್ಲರಿಗೂ ಕಾಣುವಂತೆ ಹಾಕುತ್ತಾರೆ. ಜುಲೈ ಮೊದಲ ವಾರದಿಂದ ನಾನು ಕಾರವಾರದಲ್ಲಿ ಕೂತು ಅದನ್ನು ನೋಡತೊಡಗಿದೆ. ಹೊರಗೆ ಧೋ ಎಂದು ಮಳೆ. ಫೋನಿನಲ್ಲಿ ಕೀನಾಯ್. ಜೋರಾದ ದಿನಗಳಲ್ಲಿ ಒಂದೇ ದಿನಕ್ಕೆ 50,000 ದಾಟುವುದುಂಟು. ಇಡೀ ಹಂಗಾಮಿಗೆ ಹತ್ತು ಲಕ್ಷ ದಾಟಿದ ವರ್ಷಗಳೂ ಇವೆ. ಅಪ್ಪ, ಬೋಟು ನಡೆಸುವ ತಾಂಡೇಲ ಮಾಮ, ಇಬ್ಬರೂ "ಇವತ್ತೆಷ್ಟು?" ಎಂದು ಕೇಳುವುದು ರೂಢಿಯಾಯಿತು. ಎಷ್ಟು ಮೀನು ಮೇಲೆ ಹೋಗಿ ಮೊಟ್ಟೆ ಇಡಬೇಕು ಎಂದು ಮೊದಲೇ ಗುರಿ ಇಟ್ಟುಕೊಂಡು, ಅದನ್ನು ನೋಡಿಕೊಂಡು ಹಿಡಿಯಲು ಬಿಡುತ್ತಾರೆ ಎಂದಾಗ ತಾಂಡೇಲ ಮಾಮ, "ನಮ್ಮ ಕಡಲಲ್ಲೂ ಹೀಗೆ ಎಣಿಸುವಂತಿದ್ದರೆ" ಎಂದು ನಿಲ್ಲಿಸಿದರು.

ಸಾಮಾನು ಕಟ್ಟುವಾಗ ಅತ್ತೆ ಫೋನ್ ಮಾಡಿ, "ಅಲ್ಲಿ ಕರಡಿ ಇದ್ದಡಲೇ, ಹುಷಾರು ತಂಗಿ" ಎಂದರು. ಕರಡಿ ಇರುವುದು ನಿಜ. ಕರಡಿ ಓಡಿಸುವ ಸ್ಪ್ರೇ ವಿಮಾನದಲ್ಲಿ ಒಯ್ಯುವಂತಿಲ್ಲ, ಅಲ್ಲೇ ಕೊಳ್ಳಬೇಕು. ಮಗನ ಊಟದ ಚಿಂತೆಯೂ ಅವರಿಗೆ ಇತ್ತು. ಭಾರತದಿಂದ ಪ್ರಯಾಣಿಕರು ಅಕ್ಕಿ ಒಯ್ಯುವುದಕ್ಕೆ ಅಮೆರಿಕದಲ್ಲಿ ನಿಷೇಧವಿದೆ, ಧಾನ್ಯದಲ್ಲಿ ಹುಳು ಬರುತ್ತದೆಂಬ ಭಯ. ಹಾಗಾಗಿ ಅಕ್ಕಿ, ಬೇಳೆ ಆಂಕರೇಜ್‌ನಲ್ಲೇ ಎಂದು ಒಪ್ಪಿಸಿದೆವು. ಅಂಗಡಿಯ ಸೀಲ್ ಇದ್ದ ಅಪ್ಪೆಮಿಡಿ ಉಪ್ಪಿನಕಾಯಿ, ಮಸಾಲೆ ಪುಡಿ ಕಟ್ಟಿಕೊಂಡೆವು. ತಿನ್ನುವ ವಸ್ತು ಏನಿದ್ದರೂ ಕಸ್ಟಮ್ಸ್‌ನವರಿಗೆ ಹೇಳಿಬಿಡುವುದು ಒಳ್ಳೆಯದು. ಗಾಳದ ಕೋಲು ಒಯ್ಯಲಿಲ್ಲ. ಕೋಲು, ಎದೆಯ ತನಕ ಬರುವ ವೇಡರ್ ಪ್ಯಾಂಟು ಎಲ್ಲ ಸೋಲ್ಡಾಟ್ನಾದಲ್ಲಿ ಬಾಡಿಗೆಗೆ ಸಿಗುತ್ತವೆ. ಕೊಂಡದ್ದು ಪೋಲರಾಯ್ಡ್ ಕನ್ನಡಕ ಮಾತ್ರ. ನೀರಿನ ಹೊಳಪು ಕಡಿಮೆಯಾಗಿ ಮೀನು ಕಾಣುತ್ತದೆ, ಪಕ್ಕದವರ ಗಾಳದಿಂದ ಕಣ್ಣಿಗೂ ರಕ್ಷಣೆ.

ಗೋವಾದಿಂದ ಹೊರಟು ಸಿಯಾಟಲ್ ಮೇಲೆ ಆಂಕರೇಜ್. ಪ್ರಯಾಣದ ಬಗ್ಗೆ ಹೇಳುವಂಥದ್ದೇನೂ ಇಲ್ಲ, ಉದ್ದ ಅಷ್ಟೇ.

ಕೀನಾಯ್ ನೀರಿನ ಬಣ್ಣಕ್ಕೆ ನಾನು ಸಿದ್ಧಳಿರಲಿಲ್ಲ. ಹಿಮನದಿ ಕರಗಿ ಬರುವ ನೀರು. ಹಸಿರೂ ಅಲ್ಲ, ನೀಲಿಯೂ ಅಲ್ಲ, ಎರಡೂ ಸೇರಿದ ಹಾಗೆ. ಮುಟ್ಟಿದರೆ ಕೈ ಜೋಮು ಹಿಡಿಯುತ್ತದೆ. ರಾತ್ರಿ ಹತ್ತಕ್ಕೂ ಬೆಳಕು. ಇದು ನಮ್ಮ ಒಪ್ಪಂದಕ್ಕೆ ತುಂಬಾ ಅನುಕೂಲವಾಯಿತು. ಹಗಲೆಲ್ಲ ತಿರುಗಾಡಿ, ಊಟ ಮುಗಿಸಿ, ಸಂಜೆ ಏಳಕ್ಕೆ ನದಿಗೆ ಇಳಿದರೂ ಬೇಕಾದಷ್ಟು ಹೊತ್ತು ಸಿಗುತ್ತಿತ್ತು.

ಸಾಕೈ ಹಿಡಿಯುವ ರೀತಿ ನಮ್ಮ ಗಾಳದ ಅಭ್ಯಾಸಕ್ಕೆ ಪೂರ್ತಿ ಬೇರೆ. ನದಿಗೆ ಬಂದ ಸಾಕೈ ತಿನ್ನುವುದನ್ನು ಬಿಟ್ಟಿರುತ್ತದೆ. ಶೆಟ್ಲಿ, ತಾರ್ಲೆ ಯಾವ ಎರೆ ಹಾಕಿದರೂ ತಿರುಗಿ ನೋಡುವುದಿಲ್ಲ. ಮೀನು ಬಾಯಿ ತೆರೆದು ಮುಚ್ಚುತ್ತಾ ಹರಿವಿಗೆ ಎದುರು ಸಾಗುತ್ತಿರುವಾಗ ದಾರ ಅದರ ಬಾಯಿಗೆ ಅಡ್ಡ ಹಾಯಬೇಕು, ಕೊಕ್ಕೆ ಬಾಯಿಯ ಅಂಚಿಗೆ ಕೂರಬೇಕು. ಸ್ವಲ್ಪ ಮೇಲ್ಗಡೆ ಎಸೆದು, ಸೀಸದ ಗುಂಡು ತಳದ ಕಲ್ಲಿಗೆ ತಟ್ಟುತ್ತಾ ಬರುವುದನ್ನು ಕೈಯಲ್ಲಿ ಕೇಳಿಸಿಕೊಳ್ಳಬೇಕು. ತಟ್ಟುವುದು ನಿಂತಿತು ಅಂದರೆ ಎತ್ತಬೇಕು. ಬಾಲಕ್ಕೋ ರೆಕ್ಕೆಗೋ ಕೊಕ್ಕೆ ಸಿಕ್ಕಿದರೆ ಆ ಮೀನನ್ನು ಬಿಡಲೇಬೇಕು, ಅದು ಕಾನೂನು. ಪಕ್ಕದಲ್ಲಿ ನಿಂತಿದ್ದ ಅಜ್ಜಿಯೊಬ್ಬರು ನನ್ನ ಮೊಣಕೈ ಹಿಡಿದು ಎಸೆಯುವ ಅಂದಾಜು ಕಲಿಸಿಕೊಟ್ಟರು. ಮೀನು ಸಿಕ್ಕಿದವರು ಜೋರಾಗಿ ಕೂಗಿದರೆ ಅಕ್ಕಪಕ್ಕದವರೆಲ್ಲ ತಮ್ಮ ದಾರ ಎತ್ತಿಕೊಂಡು ಜಾಗ ಬಿಡುತ್ತಾರೆ. ಈ ಶಿಸ್ತು ನನಗೆ ತುಂಬಾ ಹಿಡಿಸಿತು.

ಮೊದಲ ಸಾಕೈ ಎಳೆದ ಎಳೆತವನ್ನು ಹೇಳಿ ತಿಳಿಸುವುದು ಕಷ್ಟ. ಎರಡೂವರೆ, ಮೂರು ಕಿಲೋ ಇರಬಹುದು. ಆದರೆ ಅದರ ಹಿಂದೆ ಇಡೀ ನದಿಯ ಸೆಳೆತ. ನೀರಿನಿಂದ ಮೇಲೆ ಹಾರಿತು, ಬೆಳ್ಳಗೆ ಹೊಳೆಯಿತು. ಇವರು ಪುಸ್ತಕ ಎಸೆದು ಮೆಟ್ಟಿಲಿಗೆ ಓಡಿಬಂದು ಕೈಬಲೆ ಹಿಡಿದರು. ಬಲೆಗೆ ಹಾಕಿದ್ದು ಇವರೇ. ಜೀವನದಲ್ಲಿ ಮೀನು ಮುಟ್ಟದವರು ನನಗೋಸ್ಕರ ಅಷ್ಟು ಮಾಡಿದರು.

ಅಲ್ಲಿನ ಪಾರ್ಕಿನಲ್ಲೇ ಮೀನು ಕೊಯ್ಯಲು ಮೇಜುಗಳಿವೆ. ಎಲ್ಲರೂ ಎರಡು ಬದಿಯ ಮಾಂಸ ಮಾತ್ರ ತೆಗೆದು ತಲೆ ಬಿಡುತ್ತಿದ್ದರು. ನಾನು ತಲೆಯನ್ನೂ ಒಯ್ದೆ. ತೆಂಗಿನ ಹಾಲಿನ ಡಬ್ಬಿ, ಮನೆಯ ಮಸಾಲೆ ಹಾಕಿ ಸಾರು ಮಾಡಿದೆ. ತುಂಡುಗಳನ್ನು ರವೆಯಲ್ಲಿ ಹೊರಳಿಸಿ ಹುರಿದೆ. ಮಾಂಸದ ಬಣ್ಣ ಕಡುಕೆಂಪು. ಕಡಲಲ್ಲಿ ಅದು ತಿನ್ನುವ ಸಿಗಡಿಯಂಥ ಸಣ್ಣ ಜೀವಿಗಳಿಂದ ಆ ಬಣ್ಣ ಬರುತ್ತದೆ. ಕೊಬ್ಬು ಜಾಸ್ತಿ, ಎಣ್ಣೆ ಕಡಿಮೆ ಸಾಕು. ಒಲೆಯ ಇನ್ನೊಂದು ಬದಿಯಲ್ಲಿ ಇವರು ಬೇರೆ ಪಾತ್ರೆಯಲ್ಲಿ ತಮ್ಮ ತಂಬುಳಿ, ಅನ್ನ ಮಾಡಿಕೊಂಡರು. ಎರಡು ಅಡುಗೆ, ಒಂದೇ ಮೇಜು. ನಮ್ಮ ಸಂಸಾರ ಶುರುವಾದದ್ದು ಅಲ್ಲಿ ಎಂದೇ ನಾನು ಲೆಕ್ಕ ಹಿಡಿದಿದ್ದೇನೆ.

ಇವರ ಪಾಲಿನ ದಿನಗಳಲ್ಲಿ ಸೂವರ್ಡ್ ಎಂಬ ಬಂದರು ಊರಿನಿಂದ ಹಡಗಿನಲ್ಲಿ ಹೋಗಿ ಹಿಮನದಿ ಕಡಲಿಗೆ ಬೀಳುವುದನ್ನು ನೋಡಿದೆವು. ಕೀನಾಯ್ ನದಿಯ ಬಾಯಿಗೆ ಹೋಗಿ ಅಲ್ಲಿನ ಜನ ಉದ್ದ ಹಿಡಿಯ ದೊಡ್ಡ ಕೈಬಲೆ ಹಿಡಿದು ಚಳಿ ನೀರಿನಲ್ಲಿ ಸಾಲಾಗಿ ನಿಂತದ್ದನ್ನೂ ನೋಡಿದೆವು. ಜುಲೈ 10ರಿಂದ 31ರ ತನಕ ಅಲಾಸ್ಕಾದ ನಿವಾಸಿಗಳಿಗೆ ಮಾತ್ರ ಆ ಅವಕಾಶ, ಮನೆಯ ಊಟಕ್ಕೆ. ನಮ್ಮಂಥ ಹೊರಗಿನವರು ಮುಟ್ಟುವಂತಿಲ್ಲ. ಮಕ್ಕಳು, ಮುದುಕರು, ಐಸ್ ಪೆಟ್ಟಿಗೆಗಳು. ಚಳಿಗಾಲಕ್ಕೆ ಮೀನು ತುಂಬಿಕೊಳ್ಳುವ ಆ ಗಡಿಬಿಡಿ ನೋಡಿ ನನಗೆ ಊರಿನ ಬಂದರು ಬಹಳ ನೆನಪಾಯಿತು.

ಆದರೆ ಇವರು ಇಂದಿಗೂ ಹೇಳುವುದು ರಷ್ಯನ್ ರಿವರ್ ಜಲಪಾತವನ್ನು. ಕೂಪರ್ ಲ್ಯಾಂಡಿಂಗ್ ಹತ್ತಿರ ಕಾರು ನಿಲ್ಲಿಸಿ ಕಾಡಿನ ದಾರಿಯಲ್ಲಿ ನಾಲ್ಕು ಕಿಲೋಮೀಟರಿಗೂ ಕಡಿಮೆ ನಡಿಗೆ. ಕರಡಿಗೆ ನಾವು ಬರುವುದು ಗೊತ್ತಾಗಲಿ ಅಂತ ದಾರಿಯುದ್ದಕ್ಕೂ ಜೋರಾಗಿ ಮಾತಾಡುತ್ತಾ ಹೋದೆವು. ತಿಂಡಿಯ ಚೀಲವನ್ನು ಕೈಗೆಟುಕುವಷ್ಟು ಹತ್ತಿರವೇ ಇಟ್ಟುಕೊಳ್ಳಬೇಕು ಎಂದು ಫಲಕ ಹಾಕಿದ್ದಾರೆ. ಮೇಲಿನ ಕಟ್ಟೆಯಿಂದ ಕೆಳಗೆ ನೋಡಿದರೆ ನೊರೆಯೊಳಗಿಂದ ಮೀನು ಒಂದೊಂದಾಗಿ ಜಿಗಿಯುತ್ತಿದ್ದವು. ಬಂಡೆಗೆ ಬಡಿದು ಬೀಳುತ್ತಿದ್ದವು, ಮತ್ತೆ ಜಿಗಿಯುತ್ತಿದ್ದವು. ಕಡಲು ಬಿಟ್ಟು ಸ್ವಲ್ಪ ಕಾಲವಾದ ಮೀನಿನ ಮೈ ಕೆಂಪಾಗಿ, ತಲೆ ಹಸಿರಾಗಿತ್ತು. ಅಲ್ಲಿ ಹಿಡಿಯುವಂತಿಲ್ಲ, ನೋಡುವುದಷ್ಟೇ. ನನಗೂ ಹಿಡಿಯಬೇಕು ಅನಿಸಲೇ ಇಲ್ಲ. ಒಂದು ಮೀನು ಕೊನೆಗೂ ದಾಟಿದಾಗ ಇವರು ನನ್ನ ಕೈ ಹಿಡಿದು, "ಹತ್ತಿತು, ನೋಡು, ಹತ್ತಿತು" ಎಂದರು.

ಹೊರಡುವ ಹಿಂದಿನ ದಿನ ಹಿಡಿದ ಮೀನನ್ನು ಕ್ಯಾಬಿನ್ ಮಾಲೀಕರಿಗೂ ಆ ಅಜ್ಜಿಗೂ ಹಂಚಿದೆವು. ನಮ್ಮ ಕಡೆಯಿಂದ ಯಾರಾದರೂ ಹೋಗುವುದಾದರೆ ಕ್ಯಾಬಿನ್‌ಗಳು ವರ್ಷದ ಆರಂಭದಲ್ಲೇ ತುಂಬತೊಡಗುತ್ತವೆ ಎಂಬುದನ್ನು ನೆನಪಿಡಿ. ಜುಲೈ ಆಗದಿದ್ದರೆ ಆಗಸ್ಟ್‌ನಲ್ಲಿ ಸೂವರ್ಡ್ ಕಡೆ ಕೋಹೊ ಸಿಗುತ್ತದೆ, ಅದು ಎರೆಯನ್ನೂ ಕಚ್ಚುತ್ತದೆ. ಬೋಟಿನ ಕೆಲಸದ ನಮ್ಮಂಥವರಿಗೆ ಮಾತ್ರ ಆಗಸ್ಟ್ ಆಗಿಬರುವುದಿಲ್ಲ, ಜುಲೈ ಸಾಕೈಯೇ ಸರಿ.